ಕಂಬ ನೆಟ್ಟಗಿಲ್ಲ ಎಂದು 5,60,000: ಒಬ್ಬ ರೋಮನ್ ಪ್ರೀಟರ್‌ನ ಗುತ್ತಿಗೆ ಪ್ರಕರಣ

ಪ್ರಾಚೀನ ರೋಮಿನ ಕಾನ್ಸುಲ್, ಪ್ರೀಟರ್ (ಒಂದು ವರ್ಷಕ್ಕೆ ಆಯ್ಕೆಯಾಗುತ್ತಿದ್ದ ದೊಡ್ಡ ಅಧಿಕಾರಿಗಳು) ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಕುದುರೆ, ಕವಚ, ಯುದ್ಧ. ಆದರೆ ಇವರು ಊರೊಳಗೆ ಮಾಡುತ್ತಿದ್ದ ಕೆಲಸದ ಪಟ್ಟಿ ನೋಡಿದರೆ ಅದರಲ್ಲಿ ವೀರಾವೇಶ ಏನೂ ಇಲ್ಲ. ಸತ್ತವನ ಮನೆ ಯಾರ ಸ್ವಾಧೀನಕ್ಕೆ ಹೋಗಬೇಕು, ಯಾರ ದಾವೆ ಯಾವ ನ್ಯಾಯಾಧೀಶನ ಮುಂದೆ ಹೋಗಬೇಕು, ರಸ್ತೆಗೆ ಕಲ್ಲು ಹಾಸಿದ್ದು ಸರಿಯಾಗಿದೆಯಾ, ದೇವಸ್ಥಾನದ ಸೂರು ಸೋರುತ್ತಿದೆಯಾ, ಇಂಥವೇ ಜಾಸ್ತಿ. ನನಗೆ ಕುತೂಹಲ ಇರುವುದೂ ಈ ಕಡತದ ಕೆಲಸದಲ್ಲೇ. ಒಬ್ಬ ಅಧಿಕಾರಿಯ ಕೈಲಿ ಎಷ್ಟು ಬಲ ಇತ್ತು, ಅದನ್ನು ತಡೆಯಲು ಏನಿತ್ತು ಅನ್ನುವುದು ಯುದ್ಧಕ್ಕಿಂತ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಅದಕ್ಕೆ ಒಂದೇ ಒಂದು ಪ್ರಕರಣ ತೆಗೆದುಕೊಂಡಿದ್ದೇನೆ. ವರ್ಷ ಕ್ರಿ.ಪೂ. 74. ಊರು ರೋಮ್. ಅಧಿಕಾರಿ ಗಾಯಸ್ ವೆರ್ರೆಸ್, ಆ ವರ್ಷದ ನಗರ ಪ್ರೀಟರ್. ಎದುರಿಗಿದ್ದವನು ಜೂನಿಯಸ್ ಎಂಬ ತಂದೆ ಇಲ್ಲದ ಒಬ್ಬ ಚಿಕ್ಕ ಹುಡುಗ. ಜಗಳ ದೇವಸ್ಥಾನದ ಕಂಬಗಳದ್ದು.

ವೆರ್ರೆಸ್ ಹೆಸರು ಕೇಳಿದವರಿಗೆ ಅವನು ಸಿಸಿಲಿಯನ್ನು ಲೂಟಿ ಹೊಡೆದ ಗವರ್ನರ್ ಅಂತ ಗೊತ್ತಿರುತ್ತದೆ. ಅದು ಇದಾದ ಮೇಲಿನ ಕಥೆ. ಸಿಸಿಲಿಗೆ ಹೋಗುವ ಮುಂಚಿನ ವರ್ಷ ಅವನು ರಾಜಧಾನಿಯಲ್ಲೇ, ಎಲ್ಲರ ಕಣ್ಣೆದುರಿಗೇ, ಕಾನೂನಿನ ಕುರ್ಚಿಯ ಮೇಲೆ ಕೂತಿದ್ದ.

ನಗರ ಪ್ರೀಟರ್ ಹುದ್ದೆ ಹಳೆಯದು, ಕ್ರಿ.ಪೂ. 366ರಿಂದ ಇತ್ತು. ಕಾನ್ಸುಲ್‌ಗಳಿಗೆ ಒಂದು ಮೆಟ್ಟಿಲು ಕೆಳಗೆ, ಆದರೆ ಅವರು ಊರಲ್ಲಿಲ್ಲದಾಗ ಸೆನೆಟ್ (ಹಿರಿಯರ ಆಡಳಿತ ಸಭೆ) ಕರೆಯುವವನೂ ಇವನೇ. ಸರ್ವಾಧಿಕಾರಿ ಸುಲ್ಲಾ ಕಾಲಕ್ಕೆ ಪ್ರೀಟರ್‌ಗಳು ಒಟ್ಟು 8 ಜನ ಆಗಿದ್ದರು. ಯಾರಿಗೆ ಯಾವ ಕೆಲಸ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ನಗರದ ಚೀಟಿ ಬಂದವನು 10 ದಿನಕ್ಕಿಂತ ಹೆಚ್ಚು ಊರು ಬಿಡುವ ಹಾಗಿಲ್ಲ, ಯಾಕೆಂದರೆ ಅವನಿಲ್ಲದಿದ್ದರೆ ನಾಗರಿಕರ ದಾವೆಗಳೆಲ್ಲ ನಿಂತುಹೋಗುತ್ತವೆ. ಅಧಿಕಾರಕ್ಕೆ ಬಂದ ಕೂಡಲೇ ಅವನು ಒಂದು ಪ್ರಕಟಣೆ ಹೊರಡಿಸುತ್ತಾನೆ, ಬಿಳಿ ಹಲಗೆಯ ಮೇಲೆ ಬರೆಸಿ ಊರಿನ ಮುಖ್ಯ ಚೌಕವಾದ ಫೋರಂನಲ್ಲಿ ಇಡಿಸುತ್ತಾನೆ. ಈ ವರ್ಷ ನಾನು ಎಂಥ ದಾವೆಗೆ ಅವಕಾಶ ಕೊಡುತ್ತೇನೆ, ಎಂಥ ಆಸ್ತಿಯನ್ನು ಯಾರ ಸ್ವಾಧೀನಕ್ಕೆ ಕೊಡುತ್ತೇನೆ ಅನ್ನುವ ಪಟ್ಟಿ ಅದು. ಆಮೇಲೆ ಜನ ಬರುತ್ತಾರೆ, ಇಬ್ಬರ ಮಾತನ್ನೂ ಕೇಳುತ್ತಾನೆ, ತಕರಾರು ಏನು ಅನ್ನುವುದನ್ನು ಒಂದೆರಡು ಸಾಲಲ್ಲಿ ಬರೆದು ಒಬ್ಬ ನ್ಯಾಯಾಧೀಶನಿಗೆ ಕಳಿಸುತ್ತಾನೆ. ತೀರ್ಪು ಸಾಮಾನ್ಯವಾಗಿ ಇವನದಲ್ಲ. ಆದರೆ ಪ್ರಶ್ನೆ ಬರೆಯುವವನ ಕೈಲೇ ಅರ್ಧ ತೀರ್ಪು ಇರುತ್ತದೆ, ಅಲ್ವಾ?

ಇಷ್ಟು ಅವನ ಮಾಮೂಲಿ ಕೆಲಸ. ದೇವಸ್ಥಾನದ ರಿಪೇರಿ ಇದರಲ್ಲಿ ಬರುವುದಿಲ್ಲ. ಅದು ಸೆನ್ಸರ್‌ಗಳ ಕೆಲಸ. ಸುಮಾರು 5 ವರ್ಷಕ್ಕೊಮ್ಮೆ ಆಯ್ಕೆಯಾಗಿ, 18 ತಿಂಗಳು ಕೂತು, ಜನಗಣತಿ ಮಾಡಿ, ಸೆನೆಟ್ ಪಟ್ಟಿ ತಿದ್ದಿ, ಸರ್ಕಾರಿ ಗುತ್ತಿಗೆಗಳನ್ನು ಹರಾಜು ಹಾಕಿ ಹೋಗುವವರು ಸೆನ್ಸರ್‌ಗಳು. ತೊಂದರೆ ಎಂದರೆ ಕ್ರಿ.ಪೂ. 86ರಲ್ಲಿ ಸೆನ್ಸರ್‌ಗಳು ಬಂದು ಹೋದ ಮೇಲೆ 70ರ ತನಕ ಯಾರೂ ಬರಲಿಲ್ಲ. ನಡುವೆ ಅಂತರ್ಯುದ್ಧ, ಸುಲ್ಲಾನ ಸರ್ವಾಧಿಕಾರ, ಎಲ್ಲ ಆಯಿತು. ಸೆನ್ಸರ್ ಇಲ್ಲ ಎಂದು ಸೂರು ಸೋರುವುದು ನಿಲ್ಲುತ್ತದಾ? ಕಾನ್ಸುಲ್‌ಗಳೇ ಗುತ್ತಿಗೆ ಕೊಡಲು ಶುರು ಮಾಡಿದರು.

ಕ್ರಿ.ಪೂ. 80ರಲ್ಲಿ ಸುಲ್ಲಾ ಮತ್ತು ಮೆಟೆಲಸ್ ಕಾನ್ಸುಲ್‌ಗಳಾಗಿದ್ದಾಗ ಕ್ಯಾಸ್ಟರ್ ಎಂಬ ದೇವರ ದೇವಸ್ಥಾನವನ್ನು ನೋಡಿಕೊಳ್ಳುವ ಗುತ್ತಿಗೆ ಪಬ್ಲಿಯಸ್ ಜೂನಿಯಸ್ ಎಂಬವನಿಗೆ ಸಿಕ್ಕಿತು. ಅವನು ಚಿಕ್ಕ ಮಗನನ್ನು ಬಿಟ್ಟು ತೀರಿಹೋದ. 75ರ ಕಾನ್ಸುಲ್‌ಗಳು ಹೊಸ ಗುತ್ತಿಗೆ ಕೊಟ್ಟರು. ಇಂಥ ಗುತ್ತಿಗೆ ಕೈ ಬದಲಾಗುವಾಗ ಹಳಬನು ಕಟ್ಟಡವನ್ನು ಸುಸ್ಥಿತಿಯಲ್ಲಿ ಒಪ್ಪಿಸಬೇಕು, ಅಧಿಕಾರಿ ಬಂದು ನೋಡಿ ಸರಿ ಇದೆ ಅನ್ನಬೇಕು, ಆಗ ಮಾತ್ರ ಹಳಬನ ಜಾಮೀನು ಬಿಡುಗಡೆ. ಆದರೆ ದೇವಸ್ಥಾನಗಳು ಬಹಳ. 75ರ ಕಾನ್ಸುಲ್‌ಗಳಿಂದಲೂ, ಆ ಕೆಲಸಕ್ಕೆ ನೇಮಕವಾದ ಇಬ್ಬರು ಪ್ರೀಟರ್‌ಗಳಿಂದಲೂ ಎಲ್ಲವನ್ನೂ ನೋಡಿ ಮುಗಿಸಲು ಆಗಲಿಲ್ಲ. ಉಳಿದದ್ದನ್ನು 74ರ ಪ್ರೀಟರ್‌ಗಳಾದ ವೆರ್ರೆಸ್ ಮತ್ತು ಸೀಲಿಯಸ್ ಪರಿಶೀಲಿಸಿ ತೀರ್ಮಾನ ಕೊಡಲಿ ಎಂದು ಸೆನೆಟ್ ನಿರ್ಣಯ ಮಾಡಿತು. ಪರಿಶೀಲನೆ ಮತ್ತು ತೀರ್ಮಾನ, ಎರಡೂ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ದೇವಸ್ಥಾನವೂ ಮೂಲೆಯ ಗುಡಿಯಲ್ಲ. ಫೋರಂನಲ್ಲೇ, ಎಲ್ಲರೂ ದಿನಾ ಓಡಾಡುವ ಜಾಗದಲ್ಲಿ ಎತ್ತರದ ಜಗಲಿಯ ಮೇಲೆ ನಿಂತಿತ್ತು. ಸೆನೆಟ್ ಎಷ್ಟೋ ಸಲ ಅಲ್ಲೇ ಸೇರುತ್ತಿತ್ತು. ಕ್ರಿ.ಪೂ. 117ರಲ್ಲಿ ಮೆಟೆಲಸ್ ಡಾಲ್ಮಾಟಿಕಸ್ ಅದನ್ನು ಹೊಸದಾಗಿ ಕಟ್ಟಿಸಿದ್ದ. ಈಗ ರೋಮಿಗೆ ಹೋದವರು ಫೋಟೋ ತೆಗೆಯುವ ಆ ಮೂರು ಒಂಟಿ ಕಂಬಗಳು ಇದೇ ದೇವಸ್ಥಾನದ್ದು, ಆದರೆ ಅವು ಕ್ರಿ.ಶ. 6ರಲ್ಲಿ ಟೈಬೀರಿಯಸ್ ಮತ್ತೆ ಕಟ್ಟಿಸಿದಾಗಿನವು. ನಮ್ಮ ಕಥೆಯ ಕಂಬಗಳು ಹೋದವು.

ಮುಂದೆ ಹೇಳುವುದಕ್ಕೆಲ್ಲ ಆಧಾರ ಒಬ್ಬನೇ. ಸಿಸೆರೊ. ಅವನು ಇಲ್ಲಿ ಇತಿಹಾಸಕಾರ ಅಲ್ಲ, ವೆರ್ರೆಸ್ ವಿರುದ್ಧ ಕೇಸು ನಡೆಸಿದ ವಕೀಲ. ಎದುರಾಳಿಯ ಮನಸ್ಸಲ್ಲಿ ಏನು ಓಡುತ್ತಿತ್ತು ಎಂದು ಅವನು ಹೇಳುವಾಗ ಅರ್ಧ ಕಳೆದು ಓದಬೇಕು. ಷರತ್ತಿನ ಮಾತು, ಮೊತ್ತ, ತಾರೀಕು ಹೇಳುವಾಗ ಅಷ್ಟು ಅನುಮಾನ ಬೇಡ ಅನ್ನಿಸುತ್ತದೆ, ಯಾಕೆಂದರೆ ಅದನ್ನು ಸುಳ್ಳು ಎಂದು ತೋರಿಸುವುದು ಸುಲಭವಾಗಿತ್ತು.

ವೆರ್ರೆಸ್ ಮೊದಲು ವಿಚಾರಿಸಿದ್ದು, ಕ್ಯಾಸ್ಟರ್ ದೇವಸ್ಥಾನವನ್ನು ಒಪ್ಪಿಸಬೇಕಾದವರು ಯಾರು ಎಂದು. ಗುತ್ತಿಗೆದಾರ ತೀರಿಕೊಂಡಿದ್ದಾನೆ, ಮಗ ಅಪ್ರಾಪ್ತ ಎಂದು ಗೊತ್ತಾಯಿತು. ಅಪ್ರಾಪ್ತರೇ ಪ್ರೀಟರ್‌ಗಳಿಗೆ ಖಾತ್ರಿಯ ಬೇಟೆ ಎಂದು ವೆರ್ರೆಸ್ ಬಹಿರಂಗವಾಗಿ ಹೇಳುತ್ತಿದ್ದ ಅನ್ನುತ್ತಾನೆ ಸಿಸೆರೊ. ಹೇಳಿದ್ದನೋ ಇಲ್ಲವೋ, ಬೇಟೆ ಸಿಕ್ಕಿದ್ದಂತೂ ನಿಜ.

ದೇವಸ್ಥಾನವನ್ನು ವಹಿಸಿಕೊಳ್ಳಬೇಕಾದ ಹೊಸ ಗುತ್ತಿಗೆದಾರ ಲೂಸಿಯಸ್ ಹಬೋನಿಯಸ್. ಇಲ್ಲೊಂದು ವಿಚಿತ್ರ ಇದೆ. ತಂದೆಯ ಉಯಿಲಿನ ಪ್ರಕಾರ ಆ ಹುಡುಗನ ಪೋಷಕರಲ್ಲಿ ಇವನೂ ಒಬ್ಬ. ಅಂದರೆ ಒಪ್ಪಿಸುವ ಕಡೆಯಲ್ಲೂ ಇವನೇ, ಪಡೆಯುವ ಕಡೆಯಲ್ಲೂ ಇವನೇ. ಹಾಗಿದ್ದರೂ ಮೊದಮೊದಲು ಅವನು ಪ್ರಾಮಾಣಿಕವಾಗೇ ನಡೆದುಕೊಂಡ. ಹಸ್ತಾಂತರದ ಬಗ್ಗೆ ಮಾತು ಮುಗಿದಿತ್ತು, ಹುಡುಗನಿಗೆ ಒಂದು ಕಾಸೂ ನಷ್ಟ ಇರಲಿಲ್ಲ. ವೆರ್ರೆಸ್ ಕರೆಸಿ, ಏನಾದರೂ ಬಾಕಿ ಇದೆಯಾ ಎಂದು ಕೇಳಿದಾಗಲೂ ಇದ್ದದ್ದನ್ನೇ ಹೇಳಿದ. ವಿಗ್ರಹಗಳು, ಕಾಣಿಕೆಗಳು ಎಲ್ಲ ಲೆಕ್ಕಕ್ಕೆ ಸಿಗುತ್ತವೆ, ಕಟ್ಟಡ ಗಟ್ಟಿಯಾಗಿದೆ.

ವೆರ್ರೆಸ್‌ಗೆ ಇದು ರುಚಿಸಲಿಲ್ಲ. ತಾನೇ ದೇವಸ್ಥಾನಕ್ಕೆ ಹೋದ. ತಲೆಯೆತ್ತಿ ನೋಡಿದರೆ ಚಾವಣಿ ತುಂಬ ಚಂದದ ಕೆತ್ತನೆಯ ಹಲಗೆ, ಉಳಿದದ್ದೆಲ್ಲ ಹೊಸತರ ಹಾಗೆ. ಅತ್ತ ತಿರುಗಿದ, ಇತ್ತ ತಿರುಗಿದ, ಏನೂ ಸಿಗಲಿಲ್ಲ. ಆಗ ಜೊತೆಗಿದ್ದ ಹಿಂಬಾಲಕರಲ್ಲಿ ಒಬ್ಬ, ಇಲ್ಲಿ ನಿಮಗೆ ಕೈಯಾಡಿಸಲು ಏನೂ ಇಲ್ಲ, ಬೇಕಿದ್ದರೆ ಕಂಬಗಳು ತೂಗುಗುಂಡಿಗೆ ಸರಿಯಾಗಿ ಇರಬೇಕು ಎಂದು ಕೇಳಬಹುದು ಅಂದ. ವೆರ್ರೆಸ್‌ಗೆ ಹಾಗಂದರೆ ಏನು ಎಂದೇ ಗೊತ್ತಿರಲಿಲ್ಲ. ದಾರಕ್ಕೆ ಗುಂಡು ಕಟ್ಟಿ ಮೇಲಿಂದ ಇಳಿಬಿಟ್ಟು ನೇರ ನೋಡುವುದು, ಹಾಗೆ ನೋಡಿದರೆ ಪೂರ್ತಿ ನೆಟ್ಟಗೆ ನಿಲ್ಲುವ ಕಂಬ ಒಂದೂ ಸಿಗಲಿಕ್ಕಿಲ್ಲ ಎಂದು ವಿವರಿಸಿದರು. ಹಾಗಾದರೆ ಅದನ್ನೇ ಮಾಡೋಣ, ಕಂಬಗಳು ತೂಗುಗುಂಡಿಗೆ ಸರಿಯಾಗಿರಲಿ ಎಂದುಬಿಟ್ಟ.

ಆ ಹಿಂಬಾಲಕ ಹೇಳಿದ್ದರಲ್ಲಿ ತಪ್ಪಿಲ್ಲ. ಆ ಕಾಲದ ಕಲ್ಲುಕಂಬ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ಹೊರಮೈಗೆ ದಾರ ಹಿಡಿದರೆ ಕೆಳಗೆ ತಾಗುತ್ತದೆ, ಮೇಲೆ ಸಂದು ಬೀಳುತ್ತದೆ. ಅದು ಕಟ್ಟಡದ ದೋಷವಲ್ಲ, ಕಟ್ಟುವ ಕ್ರಮವೇ ಹಾಗೆ. ಬೇರೆ ಮಾತಲ್ಲಿ ಹೇಳಬೇಕೆಂದರೆ, ಯಾವ ದೇವಸ್ಥಾನವೂ ಪಾಸಾಗದ ಪರೀಕ್ಷೆಯನ್ನು ವೆರ್ರೆಸ್ ಹುಡುಕಿಕೊಂಡ.

ಹಬೋನಿಯಸ್ ಒಪ್ಪಲಿಲ್ಲ. ಗುತ್ತಿಗೆ ಪತ್ರದಲ್ಲಿ ಕಂಬಗಳ ಸಂಖ್ಯೆ ಮಾತ್ರ ಇದೆ, ಇಷ್ಟು ಕಂಬ ವಹಿಸಿಕೊಂಡೆ, ಇಷ್ಟು ಕಂಬ ಒಪ್ಪಿಸುತ್ತೇನೆ ಅಂತ. ತೂಗುಗುಂಡಿನ ಮಾತೇ ಇಲ್ಲ. ಅವನಿಗೆ ಇನ್ನೊಂದು ಹೆದರಿಕೆಯೂ ಇತ್ತು: ಈಗ ತೂಗುಗುಂಡಿನ ಲೆಕ್ಕದಲ್ಲಿ ವಹಿಸಿಕೊಂಡರೆ ನಾಳೆ ತನ್ನ ಅವಧಿ ಮುಗಿದಾಗ ಅದೇ ಲೆಕ್ಕದಲ್ಲಿ ಒಪ್ಪಿಸಬೇಕಾಗುತ್ತದೆ. ವೆರ್ರೆಸ್ ಅವನನ್ನು ಸುಮ್ಮನಿರು ಎಂದ, ನಿನಗೂ ಪಾಲಿದೆ ಅನ್ನುವ ಆಸೆಯನ್ನೂ ತೋರಿಸಿದ. ಹಬೋನಿಯಸ್ ಮೆತ್ತಗಿನ ಮನುಷ್ಯ. ಬಗ್ಗಿದ.

ಸುದ್ದಿ ಹುಡುಗನ ಮನೆಯವರಿಗೆ ಮುಟ್ಟಿತು. ಮಲತಂದೆ ಗಾಯಸ್ ಮುಸ್ಟಿಯಸ್, ತಂದೆಯ ಸಹೋದರ ಮಾರ್ಕಸ್ ಜೂನಿಯಸ್, ಪೋಷಕ ಟಿಟಿಯಸ್ ಮೂವರೂ ಸೇರಿ ಇನ್ನೊಬ್ಬ ಪೋಷಕ ಮಾರ್ಕಸ್ ಮಾರ್ಸೆಲಸ್ ಹತ್ತಿರ ಹೋದರು. ಮಾರ್ಸೆಲಸ್ ದೊಡ್ಡ ಮನೆತನದವನು. ಅವನೇ ಖುದ್ದಾಗಿ ವೆರ್ರೆಸ್ ಹತ್ತಿರ ಹೋಗಿ, ಹುಡುಗನ ಆಸ್ತಿ ಮುಳುಗಿಸಬೇಡ ಎಂದು ಕೇಳಿಕೊಂಡ. ವೆರ್ರೆಸ್ ಜಗ್ಗಲಿಲ್ಲ.

ಆಗ ಅವರು ಹೋದದ್ದು ಕೆಲಿಡಾನ್ ಮನೆಗೆ. ಅವಳು ವೆರ್ರೆಸ್‌ನ ಪ್ರೇಯಸಿ. ಸಿಸೆರೊ ಅವಳನ್ನು ವೇಶ್ಯೆ ಎಂದೇ ಕರೆಯುತ್ತಾನೆ, ಈ ಇಡೀ ಭಾಗವನ್ನು ನಗೆಪಾಟಲು ಮಾಡಿ ಬರೆದಿದ್ದಾನೆ. ಆದರೆ ಅವನು ಕೊಡುವ ಆ ಮನೆಯ ಚಿತ್ರ ಮರೆಯುವ ಹಾಗಿಲ್ಲ. ಮನೆ ತುಂಬ ಅರ್ಜಿದಾರರು. ಸ್ವಾಧೀನ ನನಗೆ ಕೊಡಿಸಿ ಅಂತ ಒಬ್ಬ, ನನ್ನಿಂದ ಕಿತ್ತುಕೊಳ್ಳಬೇಡಿ ಅಂತ ಇನ್ನೊಬ್ಬ, ನನ್ನ ಮೇಲೆ ದಾವೆಗೆ ಅವಕಾಶ ಕೊಡಬೇಡಿ ಅಂತ ಮತ್ತೊಬ್ಬ. ಒಂದು ಕಡೆ ನಾಣ್ಯ ಎಣಿಸುತ್ತಿದ್ದಾರೆ, ಇನ್ನೊಂದು ಕಡೆ ಪತ್ರಗಳಿಗೆ ಮುದ್ರೆ ಹಾಕುತ್ತಿದ್ದಾರೆ. ಫೋರಂನಲ್ಲಿ ಪ್ರೀಟರ್ ಕುರ್ಚಿಯ ಮುಂದೆ ನಡೆಯಬೇಕಾದ್ದೆಲ್ಲ ಇಲ್ಲಿ ನಡೆಯುತ್ತಿತ್ತು.

ಮುಸ್ಟಿಯಸ್ ಸುಮ್ಮನೆ ಯಾರೋ ಅಲ್ಲ, ಈಕ್ವೆಸ್ಟ್ರಿಯನ್ ವರ್ಗದವನು (ಸೆನೆಟರ್‌ಗಳ ನಂತರದ ಶ್ರೀಮಂತ ವರ್ಗ), ತೆರಿಗೆ ಗುತ್ತಿಗೆದಾರ. ಅವನು ನಾಚಿಕೆ ನುಂಗಿಕೊಂಡು ವಿಷಯ ಹೇಳಿದ, ದುಡ್ಡು ಕೊಡುತ್ತೇವೆ ಎಂದ. ಅವಳು ಒಳ್ಳೆಯ ಮಾತಲ್ಲೇ, ಖಂಡಿತ ಮಾತಾಡುತ್ತೇನೆ, ನಾಳೆ ಬನ್ನಿ ಅಂದಳು. ಮರುದಿನ ಹೋದರೆ, ಆಗಲ್ಲ, ಈ ವ್ಯವಹಾರದಲ್ಲಿ ತುಂಬ ದೊಡ್ಡ ಮೊತ್ತ ಬರುತ್ತದೆ ಅಂತಾನೆ, ಒಪ್ಪುತ್ತಿಲ್ಲ ಎಂದಳು. ಸಿಸೆರೊ ಎಷ್ಟೇ ಕೊಂಕು ನುಡಿಯಲಿ, ನನಗಂತೂ ಈ ಪ್ರಕರಣದಲ್ಲಿ ಕೇಳಿದವರಿಗೆ ನೇರ ಉತ್ತರ ಕೊಟ್ಟವಳು ಅವಳೊಬ್ಬಳೇ ಅನ್ನಿಸುತ್ತದೆ.

ಬೇರೆ ದಾರಿ ಕಾಣದೆ ಪೋಷಕರು ಹಬೋನಿಯಸ್ ಜೊತೆ ಕೂತು 2,00,000 ಸೆಸ್ಟರ್ಸ್‌ಗೆ (ಸೆಸ್ಟರ್ಸ್ ಅಂದರೆ ರೋಮನ್ ನಾಣ್ಯ) ಮಾತು ಮುಗಿಸಿದರು. ಇಲ್ಲದ ದೋಷಕ್ಕೆ 2 ಲಕ್ಷ! ಇಷ್ಟು ದುಡ್ಡಿಗೆ ವೆರ್ರೆಸ್ ಖುಷಿಪಡುತ್ತಾನೆ ಎಂದುಕೊಂಡು ಹಬೋನಿಯಸ್ ಹೋಗಿ ಹೇಳಿದರೆ ಬೈಗುಳ ತಿಂದು ಬಂದ. ವೆರ್ರೆಸ್ ಇನ್ನೂ ಹೆಚ್ಚಿನದಕ್ಕೆ ಕೈಯೊಡ್ಡಿದ್ದ. ಕೆಲಸವನ್ನು ಹರಾಜು ಹಾಕುತ್ತೇನೆ ಎಂದ.

ಹರಾಜು ಎಂದರೆ ಇಲ್ಲಿ ಯಾರು ಕಡಿಮೆಗೆ ಮಾಡುತ್ತಾರೋ ಅವರಿಗೆ ಕೆಲಸ, ಬೆರಳೆತ್ತಿ ಕೂಗಬೇಕು. ಖರ್ಚು ಮಾತ್ರ ಹುಡುಗನದು, ಯಾಕೆಂದರೆ ಕಟ್ಟಡವನ್ನು ಸರಿಯಾಗಿ ಒಪ್ಪಿಸಲಿಲ್ಲ ಅನ್ನುವ ಲೆಕ್ಕ. ಇಂಥ ಹರಾಜಿಗೆ ಮುಂಚೆ ದಿನ ಗೊತ್ತುಮಾಡಿ ಪ್ರಕಟಣೆ ಹಾಕಬೇಕು. ವೆರ್ರೆಸ್ ಹಾಕಲಿಲ್ಲ. ಸೆಪ್ಟೆಂಬರ್ ನಡುವೆ, ರೋಮಿನ ಮುಖ್ಯ ಕ್ರೀಡೋತ್ಸವ ನಡೆಯುತ್ತಿದ್ದಾಗ, ಫೋರಂಗೆಲ್ಲ ಹಬ್ಬದ ಅಲಂಕಾರ ಮಾಡಿ ಜನ ಆಟ ನೋಡಲು ಹೋಗಿದ್ದಾಗ ಹರಾಜು ಶುರು ಮಾಡಿಬಿಟ್ಟ. ರಜೆಯ ದಿನ ಟೆಂಡರ್ ತೆರೆದ ಹಾಗೆ.

ಪೋಷಕರಿಗೆ ಹೇಗೋ ಗೊತ್ತಾಗಿ ಓಡಿ ಬಂದರು. ಮಾರ್ಕಸ್ ಜೂನಿಯಸ್ ಬೆರಳೆತ್ತಿದ. ವೆರ್ರೆಸ್ ಮುಖ ಬಿಳಿಚಿತು, ಮಾತು ತಡವರಿಸಿತು ಅನ್ನುತ್ತಾನೆ ಸಿಸೆರೊ. ಅವನ ಕಷ್ಟ ಅರ್ಥವಾಗುವಂಥದ್ದೇ. ಹುಡುಗನ ಕಡೆಯವರೇ ಕೆಲಸ ಹಿಡಿದರೆ ದುಡ್ಡು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ ಅಷ್ಟೇ, ಇವನ ಕೈಗೆ ಏನೂ ಬರುವುದಿಲ್ಲ. ಅದಕ್ಕೆ ಒಂದು ಷರತ್ತು ಸೇರಿಸಿದ. ಹಳೆ ಗುತ್ತಿಗೆ ಹಿಡಿದಿದ್ದವರ ಕಡೆಯವರು ಈ ಕೆಲಸ ಹಿಡಿಯಬಾರದು, ಪಾಲುದಾರರಾಗಿಯೂ ಬರಬಾರದು, ಅವರಿಗೆ ಭಾಗವನ್ನೂ ಕೊಡಬಾರದು.

ಸಿಸೆರೊ ಇಲ್ಲಿ ಕೇಳುವ ಪ್ರಶ್ನೆಗಳು ಯಾವ ಟೆಂಡರ್ ಜಗಳಕ್ಕೂ ಹೊಂದುತ್ತವೆ. ಯಾಕಪ್ಪಾ ಈ ಷರತ್ತು? ಕೆಲಸ ಕೆಟ್ಟದಾಗಿ ಮಾಡುತ್ತಾರೆ ಎಂಬ ಭಯವಾ? ಮುಗಿದ ಮೇಲೆ ನೋಡಿ ಒಪ್ಪುವವನು ನೀನೇ ಅಲ್ಲವಾ. ಅವರ ಹತ್ತಿರ ದುಡ್ಡಿಲ್ಲ ಎಂಬ ಅನುಮಾನವಾ? ಅದಕ್ಕೆ ಜಾಮೀನುದಾರರಿದ್ದಾರೆ, ಒತ್ತೆ ಇಟ್ಟ ಜಮೀನಿದೆ, ಸಾಲದಿದ್ದರೆ ಇನ್ನಷ್ಟು ಕೇಳು.

ಹೀಗೆ ಕೆಲಸ 5,60,000 ಸೆಸ್ಟರ್ಸ್‌ಗೆ ಹಬೋನಿಯಸ್ ಪಾಲಾಯಿತು. ಅದೇ ಹೊತ್ತಿಗೆ ಹುಡುಗನ ಪೋಷಕರು, ನೀನು ಹೇಳಿದ ಹಾಗೇ 80,000ಕ್ಕೆ ಮಾಡಿಕೊಡುತ್ತೇವೆ ಎಂದು ಕೂಗುತ್ತಿದ್ದರು. ಏಳು ಪಟ್ಟು ವ್ಯತ್ಯಾಸ. ಅಂದಾಜಿಗೆ ಹೇಳುವುದಾದರೆ, ಈಕ್ವೆಸ್ಟ್ರಿಯನ್ ವರ್ಗಕ್ಕೆ ಸೇರಲು ಬೇಕಿದ್ದ ಆಸ್ತಿಯೇ 4,00,000 ಸೆಸ್ಟರ್ಸ್. ಒಬ್ಬ ಶ್ರೀಮಂತನ ಇಡೀ ಆಸ್ತಿಯನ್ನು ಮೀರಿದ ಮೊತ್ತ, ಒಂದಷ್ಟು ಕಂಬಕ್ಕೆ.

ಮಾಡಿದ ಕೆಲಸವಾದರೂ ಏನು? ಯಂತ್ರ ನಿಲ್ಲಿಸಿ ಕಂಬ ಇಳಿಸಿದರು, ಅದೇ ಕಲ್ಲುಗಳನ್ನು ಅದೇ ಜಾಗಕ್ಕೆ ಮತ್ತೆ ಕೂರಿಸಿದರು. ಕೆಲವು ಕಂಬಗಳನ್ನು ಮುಟ್ಟಲೂ ಇಲ್ಲ. ಇನ್ನು ಕೆಲವಕ್ಕೆ ಹಳೆ ಗಾರೆ ಕೆರೆದು ಹೊಸ ಗಾರೆ ಬಳಿದರು ಅಷ್ಟೇ. ಕಂಬಕ್ಕೆ ಸುಣ್ಣ ಹೊಡೆಯಲು ಇಷ್ಟು ಖರ್ಚಾಗುತ್ತದೆ ಎಂದು ಗೊತ್ತಿದ್ದರೆ ನಾನು ಈಡೈಲ್ ಹುದ್ದೆಗೆ ನಿಲ್ಲುತ್ತಲೇ ಇರಲಿಲ್ಲ ಎಂದು ಸಿಸೆರೊ ತಮಾಷೆ ಮಾಡುತ್ತಾನೆ. ಊರಿನ ಕಟ್ಟಡ, ಬೀದಿ, ಮಾರುಕಟ್ಟೆ ನೋಡಿಕೊಳ್ಳುವ ಆ ಹುದ್ದೆಗೆ ಅವನು ಆಗತಾನೇ ಆಯ್ಕೆಯಾಗಿದ್ದ.

ನನಗೆ ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾಗುವ ಭಾಗ ಗುತ್ತಿಗೆ ಪತ್ರದ ಉಳಿದ ಷರತ್ತುಗಳು. ಮೇಲ್ನೋಟಕ್ಕೆ ಅಚ್ಚುಕಟ್ಟು. ಕೆಲಸದ ಸಲುವಾಗಿ ಏನಾದರೂ ಕೆಡವಿದರೆ ಸರಿಮಾಡಿಕೊಡಬೇಕು. ಸರಿ, ಆದರೆ ಅದೇ ಕಲ್ಲನ್ನು ಅದೇ ಜಾಗದಲ್ಲಿ ಇಡುವ ಕೆಲಸದಲ್ಲಿ ಕೆಡವುವುದು ಏನಿದೆ? ಹಳೆ ಸಾಮಗ್ರಿ ಗುತ್ತಿಗೆದಾರನೇ ಇಟ್ಟುಕೊಳ್ಳಬಹುದು. ಇಡೀ ಕೆಲಸವೇ ಹಳೆ ಸಾಮಗ್ರಿಯಲ್ಲಿ ಆಗಿದೆ, ಉಳಿಯುವುದೇನು? ಕೆಲಸ ಹಿಡಿದವನು, ಮುಂದೆ ಹಾನಿಯಾದರೆ ತುಂಬಿಕೊಡುತ್ತೇನೆ ಎಂದು, ಹಳಬನಿಂದ ದೇವಸ್ಥಾನ ವಹಿಸಿಕೊಂಡವನಿಗೆ ಭದ್ರತೆ ಕೊಡಬೇಕು. ಕೆಲಸ ಹಿಡಿದವನು ಹಬೋನಿಯಸ್. ದೇವಸ್ಥಾನ ವಹಿಸಿಕೊಂಡವನೂ ಹಬೋನಿಯಸ್. ತನಗೆ ತಾನೇ ಭದ್ರತೆ ಕೊಡಬೇಕು! ಹಣ ಕೂಡಲೇ ಪಾವತಿ. ಯಾರ ಆಸ್ತಿಯಿಂದ? 80,000ಕ್ಕೆ ಮಾಡುತ್ತೇವೆ ಎಂದು ಕೂಗಿದವರ ಕಡೆಯಿಂದ. ಯಾವುದೋ ಹಳೆ ಗುತ್ತಿಗೆಯಿಂದ ಮಾಮೂಲಿ ಸಾಲುಗಳನ್ನು ನಕಲು ಮಾಡಿ ಹಾಕಿದ ಹಾಗಿದೆ, ಯಾರೂ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ.

ಗಡುವೂ ಹಾಗೆಯೇ. ಸೆಪ್ಟೆಂಬರ್ 13ರ ಸುಮಾರಿಗೆ ಹರಾಜು, ಡಿಸೆಂಬರ್ 1ಕ್ಕೆ ಕೆಲಸ ಮುಗಿಯಬೇಕು. ಇಷ್ಟು ಕಡಿಮೆ ದಿನ ಎಂದರೆ ಹೊರಗಿನ ಗುತ್ತಿಗೆದಾರರು ಹತ್ತಿರ ಬರುವುದಿಲ್ಲ. ಬಂದರೂ, ಕೆಲಸ ಒಪ್ಪುವವನು ಅದೇ ಪ್ರೀಟರ್. ಅವನ ಬಾಯಿಂದ ತುತ್ತು ಕಿತ್ತುಕೊಂಡು ಆಮೇಲೆ ಅವನ ಮುಂದೆಯೇ ಹೋಗಿ ನಿಲ್ಲುವವರು ಯಾರು? ಇನ್ನು ಹಬೋನಿಯಸ್ ಡಿಸೆಂಬರ್ 1ಕ್ಕೆ ಮುಗಿಸಿದನಾ? ಇಲ್ಲ. ಯಾರೂ ಕೇಳಲಿಲ್ಲ. ಕೆಲಸ ಮುಗಿಯುವ ಮುಂಚೆಯೇ ವೆರ್ರೆಸ್ ಸಿಸಿಲಿಗೆ ಹೊರಟುಹೋದ.

ಹಣ ಕಟ್ಟಿದವನು ಡೆಸಿಮಸ್ ಬ್ರೂಟಸ್. ಮುಂದೆ ಸೀಸರ್‌ನನ್ನು ಕೊಂದ ಡೆಸಿಮಸ್ ಬ್ರೂಟಸ್ ಅಲ್ಲ, ಅವನು ಆಗ ಇನ್ನೂ ಮಗು. ಜೂನಿಯಸ್‌ನ ಗುತ್ತಿಗೆಗೆ ಈ ಬ್ರೂಟಸ್ ತನ್ನ ಜಮೀನು ಒತ್ತೆ ಇಟ್ಟಿದ್ದ, ಹಾಗಾಗಿ 5,60,000 ಪೂರ್ತಿ ಅವನ ತಲೆಗೆ ಬಂತು. ಅವನು ಜೋರಾಗಿ ಜಗಳಕ್ಕೆ ನಿಂತಾಗ ವೆರ್ರೆಸ್ 1,10,000 ವಾಪಸ್ ಕೊಟ್ಟ. ಸಿಸೆರೊ ಇದನ್ನು ಹಿಡಿದುಕೊಳ್ಳುತ್ತಾನೆ, ಸರಿಯಾಗೇ ಹಿಡಿದುಕೊಳ್ಳುತ್ತಾನೆ. ಕೆಲಸ ಹರಾಜಾಗಿದೆ, ಜಾಮೀನು ಆಗಿದೆ, ಹಣ ಗುತ್ತಿಗೆದಾರನದು. ಬೇರೆಯವರ ಹಣದಲ್ಲಿ ರಿಯಾಯಿತಿ ಕೊಡಲು ಪ್ರೀಟರ್‌ಗೆ ಹೇಗೆ ಆಗುತ್ತದೆ, ಅದು ತನ್ನದೇ ಅಲ್ಲದಿದ್ದರೆ? ಜೊತೆಗೆ ಹಣ ಎಣಿಸಿ ಕೊಟ್ಟದ್ದು ಕಾರ್ನಿಫಿಸಿಯಸ್ ಕೈಗೆ, ಅವನು ವೆರ್ರೆಸ್‌ನ ಗುಮಾಸ್ತ. ಹಬೋನಿಯಸ್‌ನ ಲೆಕ್ಕಪುಸ್ತಕವೂ ಅದನ್ನೇ ಹೇಳುತ್ತಿತ್ತಂತೆ.

ಇದನ್ನೆಲ್ಲ ತಡೆಯಲು ರೋಮ್‌ನಲ್ಲಿ ಏನೂ ಇರಲಿಲ್ಲವಾ? ಇತ್ತು, ಗಟ್ಟಿಯಾದದ್ದೇ ಇತ್ತು. ಸಮಾನ ದರ್ಜೆಯ ಒಬ್ಬ ಅಧಿಕಾರಿ ಇನ್ನೊಬ್ಬನ ಆದೇಶಕ್ಕೆ ಅಡ್ಡಿ ಹೇಳಿ ನಿಲ್ಲಿಸಬಹುದಿತ್ತು. ಅದೇ ವರ್ಷದ ಪ್ರೀಟರ್ ಲೂಸಿಯಸ್ ಪಿಸೋ ಇದನ್ನು ಎಷ್ಟು ಸಲ ಮಾಡಿದ ಎಂದರೆ, ವೆರ್ರೆಸ್ ತನ್ನದೇ ಪ್ರಕಟಣೆಗೆ ವಿರುದ್ಧವಾಗಿ ಕೊಟ್ಟ ಆದೇಶಗಳಿಗೆ ಅಡ್ಡಿ ಹೇಳಿದ್ದನ್ನು ಬರೆದಿಡಲು ಅವನಿಗೆ ಹಲವು ಪುಸ್ತಕ ಬೇಕಾದವು. ಜನ ವೆರ್ರೆಸ್ ಮುಂದೆ ಸೋತು ನೇರ ಪಿಸೋ ಕುರ್ಚಿಯ ಹತ್ತಿರ ಓಡುತ್ತಿದ್ದರು. ಪಿಸೋ ಇಲ್ಲದಿದ್ದರೆ ವೆರ್ರೆಸ್‌ನನ್ನು ಫೋರಂನಲ್ಲೇ ಕಲ್ಲು ಹೊಡೆದು ಮುಚ್ಚಿಬಿಡುತ್ತಿದ್ದರು ಎಂದು ಸಿಸೆರೊ ಹೇಳುತ್ತಾನೆ.

ಅಂದರೆ ದಾವೆಗಳ ವಿಷಯದಲ್ಲಿ ಕಟ್ಟುಪಾಡು ಕೆಲಸ ಮಾಡಿತು. ಯಾಕೆ ಮಾಡಿತು ಎಂದರೆ ಅಲ್ಲಿ ಅಳೆಯಲು ಒಂದು ಕೋಲಿತ್ತು: ಬಿಳಿ ಹಲಗೆ. ವೆರ್ರೆಸ್ ವರ್ಷದ ಆರಂಭದಲ್ಲಿ ಬರೆದದ್ದು ಇದು, ಈಗ ಹೇಳುತ್ತಿರುವುದು ಇದು, ಎರಡೂ ಹೊಂದುತ್ತಿಲ್ಲ ಎಂದು ಯಾರು ಬೇಕಾದರೂ ತೋರಿಸಬಹುದಿತ್ತು. ದೇವಸ್ಥಾನದ ವಿಷಯದಲ್ಲಿ ಅಂಥ ಹಲಗೆ ಇಲ್ಲ. ನೋಡುವವನು ವೆರ್ರೆಸ್, ದೋಷ ಇದೆ ಎಂದು ತೀರ್ಮಾನಿಸುವವನು ವೆರ್ರೆಸ್, ಹರಾಜು ಹಾಕುವವನು, ಷರತ್ತು ಬರೆಯುವವನು, ಕೊನೆಗೆ ಕೆಲಸ ಒಪ್ಪುವವನೂ ಅವನೇ. ಸೀಲಿಯಸ್ ಹೆಸರು ಸೆನೆಟ್ ನಿರ್ಣಯದಲ್ಲಿ ಇದೆ, ಸಿಸೆರೊ ಹೇಳುವ ಕಥೆಯಲ್ಲಿ ಅವನು ಆಮೇಲೆ ಎಲ್ಲೂ ಕಾಣುವುದಿಲ್ಲ. ಸೆನ್ಸರ್‌ಗಳಿದ್ದ ಕಾಲದಲ್ಲೂ ಅಧಿಕಾರ ಇಷ್ಟೇ ಇತ್ತು ನಿಜ. ಆದರೆ ಸೆನ್ಸರ್ ಅಂದರೆ ಕಾನ್ಸುಲ್ ಹುದ್ದೆ ಮುಗಿಸಿ, ಇನ್ನು ಹತ್ತಲು ಮೆಟ್ಟಿಲಿಲ್ಲದೆ, ಹೆಸರು ಉಳಿಸಿಕೊಳ್ಳಲು ಬರುವವರು. ಪ್ರೀಟರ್ ಹಾಗಲ್ಲ. ಅವನು ಮೆಟ್ಟಿಲ ನಡುವೆ ಇದ್ದಾನೆ, ಚುನಾವಣೆಗೆ ಮಾಡಿದ ಸಾಲ ಇರುತ್ತದೆ, ಒಂದೇ ವರ್ಷ ಕೈಯಲ್ಲಿದೆ. ಸೆನೆಟ್ ಬಾಕಿ ಕೆಲಸ ಮುಗಿದರೆ ಸಾಕು ಎಂದು ಅಧಿಕಾರವನ್ನು ದಾಟಿಸಿತು, ಯಾರಿಗೆ ದಾಟಿಸುತ್ತಿದ್ದೇವೆ ಎಂದು ನೋಡಲಿಲ್ಲ. ನನ್ನ ಮಟ್ಟಿಗೆ ಪ್ರಕರಣದ ಬೇರು ಅಲ್ಲಿದೆ, ವೆರ್ರೆಸ್‌ನ ದುರಾಸೆಯಲ್ಲಿ ಮಾತ್ರ ಅಲ್ಲ.

ಅಧಿಕಾರದಲ್ಲಿ ಇರುವಾಗ ಇಂಥವನ ಮೇಲೆ ಕೇಸು ಹಾಕುವ ಹಾಗೂ ಇರಲಿಲ್ಲ. ವರ್ಷ ಮುಗಿಯಬೇಕು. ವೆರ್ರೆಸ್‌ಗೆ ವರ್ಷ ಮುಗಿದದ್ದೇ ಸಿಸಿಲಿ ಸಿಕ್ಕಿತು, ಅಲ್ಲಿ ಮತ್ತೆ 3 ವರ್ಷ ಅಧಿಕಾರ. ಹೀಗೆ ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಕ್ರಿ.ಪೂ. 70 ಆಗಿತ್ತು.

ಆಗ ಹಬೋನಿಯಸ್‌ಗೆ ಪೇಚಾಟ ಶುರುವಾಯಿತು. ಅವನ ಕೆಲಸವನ್ನು ವೆರ್ರೆಸ್ ಇನ್ನೂ ಅಧಿಕೃತವಾಗಿ ಒಪ್ಪಿ ಬರೆದಿರಲಿಲ್ಲ. ಬರೆದುಕೊಡು ಎಂದು ಬೆನ್ನು ಹತ್ತಿದ. ವೆರ್ರೆಸ್, ಸಿಸೆರೊ ಆ ದಾಖಲೆ ಪುಸ್ತಕಕ್ಕೆ ಮುದ್ರೆ ಹಾಕಿಟ್ಟಿದ್ದಾನೆ, ನಾನೇನು ಮಾಡಲಿ ಎಂದು ಜಾರಿಕೊಂಡ. ಹಬೋನಿಯಸ್ ಸಿಸೆರೊ ಹತ್ತಿರವೇ ಬಂದು ಕೇಳಿದ, ಸ್ನೇಹಿತರಿಂದಲೂ ಹೇಳಿಸಿದ. ಸಿಸೆರೊ ತಕ್ಷಣ ಒಪ್ಪಿದ, ಅವನಿಗೇನು ನಷ್ಟ! ಈಗ ವೆರ್ರೆಸ್ ಇಕ್ಕಟ್ಟಿಗೆ ಸಿಕ್ಕಿದ. ಬರೆಯದಿದ್ದರೆ ತನ್ನ ವಾದಕ್ಕೆ ಒಂದಿಷ್ಟು ಆಸರೆ, ಆದರೆ ಹಬೋನಿಯಸ್ ಸಿಟ್ಟಿಗೆದ್ದು ಎಲ್ಲ ಬಾಯಿಬಿಡುತ್ತಾನೆ. ಕೊನೆಗೆ ಸಾಕ್ಷಿ ಒಂದಾದರೂ ಕಡಿಮೆಯಾಗಲಿ ಎಂದು ಬರೆದುಕೊಟ್ಟ. ಡಿಸೆಂಬರ್ 1ರ ಗಡುವಿನ ಕೆಲಸಕ್ಕೆ ಒಪ್ಪಿಗೆ ಸಿಕ್ಕಿದ್ದು 4 ವರ್ಷ ಆದ ಮೇಲೆ.

ವಿಚಾರಣೆ ಆಗಸ್ಟ್ 5ಕ್ಕೆ ಶುರುವಾಯಿತು. ಮಾರ್ಕಸ್ ಜೂನಿಯಸ್ ಬಂದು ಸಾಕ್ಷಿ ಹೇಳಿದ. ಅವನ ಪಕ್ಕದಲ್ಲಿ ಹುಡುಗ, ಮಕ್ಕಳು ತೊಡುವ ಕೆನ್ನೀಲಿ ಅಂಚಿನ ಟೋಗಾ ತೊಟ್ಟು ನಿಂತಿದ್ದ. ವೆರ್ರೆಸ್ ಪರ ವಕೀಲ ಹಾರ್ಟೆನ್ಸಿಯಸ್ ಇದಕ್ಕೆ ಆಕ್ಷೇಪ ಎತ್ತಿದ, ಜನರನ್ನು ಕೆರಳಿಸಲು ಹುಡುಗನನ್ನು ಕರೆತಂದಿದ್ದಾರೆ ಎಂದ. ಸಿಸೆರೊ ಅದಕ್ಕೆ ಆಮೇಲೆ ಬರವಣಿಗೆಯಲ್ಲಿ ಚೆನ್ನಾಗಿ ಉತ್ತರ ಕೊಟ್ಟಿದ್ದಾನೆ, ನಾನೇನು ಜನರನ್ನು ಕೆರಳಿಸಿದ ನಾಯಕರಾದ ಗ್ರಾಕಸ್‌ನ ಮಗನನ್ನೋ ಸ್ಯಾಟರ್ನಿನಸ್‌ನ ಮಗನನ್ನೋ ಕರೆತಂದೆನಾ ಎಂದು. ಬರವಣಿಗೆಯಲ್ಲಿ ಎಂದು ಹೇಳಿದ್ದೇಕೆಂದರೆ, ಕಂಬದ ಕಥೆ ಪೂರ್ತಿಯಾಗಿ ಇರುವ ಎರಡನೇ ಭಾಷಣವನ್ನು ಅವನು ಕೋರ್ಟಿನಲ್ಲಿ ಮಾಡಲೇ ಇಲ್ಲ. ಮೊದಲ ಸುತ್ತಿನ ಸಾಕ್ಷಿಗಳು ಮುಗಿಯುವ ಹೊತ್ತಿಗೆ ವೆರ್ರೆಸ್ ಗಂಟುಮೂಟೆ ಕಟ್ಟಿ ಮಸಿಲಿಯಾಕ್ಕೆ, ಅಂದರೆ ಇಂದಿನ ಮಾರ್ಸೇಗೆ, ಹೊರಟುಹೋದ. ಸಿಸೆರೊ ಮಾಡದ ಭಾಷಣವನ್ನು ಬರೆದು ಹಂಚಿದ.

3 ವರ್ಷದ ನಂತರ, ಕ್ರಿ.ಪೂ. 67ರಲ್ಲಿ, ಗಾಯಸ್ ಕಾರ್ನೀಲಿಯಸ್ ಎಂಬ ಟ್ರಿಬ್ಯೂನ್ (ಸಾಮಾನ್ಯ ಜನರ ಪ್ರತಿನಿಧಿ) ಒಂದು ಕಾನೂನು ತಂದ. ಪ್ರೀಟರ್‌ಗಳು ತಾವು ಹೊರಡಿಸಿದ ಪ್ರಕಟಣೆಯ ಪ್ರಕಾರವೇ ನಡೆಯಬೇಕು ಎಂದು. ಪಿಸೋ ಒಬ್ಬನೇ ಪುಸ್ತಕ ತುಂಬಿಸಿಕೊಂಡು ತಡೆಯುತ್ತಿದ್ದದ್ದು ಈಗ ನಿಯಮವಾಯಿತು. ಗುತ್ತಿಗೆಯ ಷರತ್ತಿಗೆ ಇದು ತಾಗುವುದಿಲ್ಲ. 70ರಲ್ಲಿ ಮತ್ತೆ ಬಂದ ಸೆನ್ಸರ್‌ಗಳು 64 ಜನರನ್ನು ಸೆನೆಟ್‌ನಿಂದ ಹೊರಹಾಕಿ ದೊಡ್ಡ ಸದ್ದು ಮಾಡಿದರು, ಆದರೆ 65ರ ಸೆನ್ಸರ್‌ಗಳಾದ ಕ್ರಾಸಸ್ ಮತ್ತು ಕ್ಯಾಟುಲಸ್ ತಮ್ಮತಮ್ಮಲ್ಲೇ ಕಿತ್ತಾಡಿ, ಕೆಲಸ ಮುಗಿಸದೆ ರಾಜೀನಾಮೆ ಕೊಟ್ಟರು.

ಇನ್ನು ಹುಡುಗನ ಕಡೆಯ ದುಡ್ಡು. ವೆರ್ರೆಸ್ ಮೇಲಿದ್ದದ್ದು ಪ್ರಾಂತ್ಯದ ಜನರಿಂದ ಕಿತ್ತದ್ದನ್ನು ವಾಪಸ್ ಕೊಡಿಸುವ ಕಾನೂನಿನ ಕೇಸು. ಕೇಳಿದವರು ಸಿಸಿಲಿಯವರು, ಸಿಸೆರೊ ಮೊದಲ ಭಾಷಣದಲ್ಲಿ ಹೇಳಿದ ಮೊತ್ತ 4 ಕೋಟಿ ಸೆಸ್ಟರ್ಸ್, ಅಷ್ಟೂ ಸಿಸಿಲಿಯ ಲೆಕ್ಕ. ಕ್ಯಾಸ್ಟರ್ ದೇವಸ್ಥಾನದ ಕಥೆ ಅಲ್ಲಿಗೆ ಬಂದದ್ದು ವೆರ್ರೆಸ್ ಎಂಥವನು ಎಂದು ತೋರಿಸಲು. ಬ್ರೂಟಸ್ ಕಟ್ಟಿ ವಾಪಸ್ ಬಾರದೆ ಉಳಿದ 4,50,000 ಆ 4 ಕೋಟಿಯಲ್ಲಿ ಸೇರಿರಲಿಲ್ಲ.